ಹೊಲ ಮಾರಬೇಡಿ, ಮೊದಲು ಆ ಬೆಂಚಿನ ಮೇಲೆ ಬಂದು ಕೂತುಕೊಳ್ಳಿ

ಪ್ರಶ್ನೆ: ಅಕ್ಕಾ, ನಮ್ಮದು ಶಹಾಪುರ ತಾಲ್ಲೂಕಿನ ಹಳ್ಳಿ. ಮಗನಿಗೆ ನಾಲ್ಕು ವರ್ಷ ತುಂಬಿತು, ಇನ್ನೂ ಮಾತಿಲ್ಲ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಆದರೆ ಒಳಗಿನ ಖೋಲಿಯಲ್ಲಿ ಬಿಸ್ಕತ್ ಪುಡಾ ಹರಿದರೆ ಅಂಗಳದಿಂದ ಓಡಿ ಬರುತ್ತಾನೆ. ಸೈಕಲ್ ಮಲಗಿಸಿ ಗಾಲಿ ತಿರುಗಿಸುತ್ತಾ ಕೂತರೆ ಊಟವೂ ಬೇಡ. ಕಲಬುರಗಿಯಲ್ಲಿ ಡಾಕ್ಟರು ಚೀಟಿಯಲ್ಲಿ ಆಟಿಸಂ ಅಂತ ಬರೆದು 'ಥೆರಪಿ ಮಾಡಿಸಿ' ಅಂದರು. ಎಲ್ಲಿ, ಎಷ್ಟು ದಿನ, ಏನೂ ಹೇಳಲಿಲ್ಲ. ಬಸುರಿದ್ದಾಗ ನಾನು ಗ್ರಹಣದಲ್ಲಿ ಹೊರಗೆ ಬಂದಿದ್ದೆ, ಅದಕ್ಕೇ ಹೀಗಾಯಿತು ಅಂತ ಅತ್ತೆ ದಿನಾ ಅನ್ನುತ್ತಾರೆ. ನಮ್ಮ ಯಜಮಾನರು ಸ್ಟೆಮ್ ಸೆಲ್ ಇಂಜೆಕ್ಷನ್ ಕೊಟ್ಟರೆ ಮಾತು ಬರುತ್ತದಂತೆ ಅಂತ ಎರಡು ಎಕರೆ ಹೊಲಕ್ಕೆ ಗಿರಾಕಿ ನೋಡುತ್ತಿದ್ದಾರೆ. ಅಂಗವಿಕಲತೆಯ ಸರ್ಟಿಫಿಕೇಟ್ ಮಾಡಿಸಿದರೆ ನಾಳೆ ಮಗಳ ಮದುವೆಗೆ ಅಡ್ಡಿ ಅಂತ ಬೇರೆ ಹೆದರಿಕೆ. ಯಾರನ್ನು ಕೇಳಲಿ?
— ಹೆಸರು ಬೇಡ, ಯಾದಗಿರಿ ಜಿಲ್ಲೆ

ಉತ್ತರ: ತಂಗಿ, ಹೊಲದ ಮಾತು ಮೊದಲು ಮುಗಿಸೋಣ. ಗಿರಾಕಿಗೆ ಇವತ್ತೇ ಬೇಡ ಅಂತ ಹೇಳಿಸಿ. ಆಟಿಸಂಗೆ ಚಿಕಿತ್ಸೆ ಅಂತ ಸ್ಟೆಮ್ ಸೆಲ್ ಕೊಡುವುದು ಸರಿಯಲ್ಲ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗದವರೇ 2022ರಲ್ಲಿ ಹೇಳಿದ್ದಾರೆ. ಆಟಿಸಂ ಇಂಜೆಕ್ಷನ್‌ನಿಂದ ಹೋಗುವ ರೋಗ ಅಲ್ಲ. ಮಗುವಿನ ಮಿದುಳು ಬೆಳೆದಿರುವ ರೀತಿಯೇ ಬೇರೆ, ಅಷ್ಟೇ. ಕಲಿಸಬಹುದು, ತುಂಬಾ ಕಲಿಸಬಹುದು. ಆದರೆ ಆ ಕಲಿಕೆ ವರ್ಷಗಟ್ಟಲೆ ನಡೆಯುತ್ತದೆ, ಹೊಲ ಆಗ ಬೇಕಾಗುತ್ತದೆ.

ಯಜಮಾನರ ಮೇಲೆ ಸಿಟ್ಟು ಮಾಡಬೇಡಿ. ನನ್ನ ಪಾಟ್ಲಿ ಬಳೆ ಎರಡೂ ಹೀಗೇ ಹೋದವು. ನನ್ನ ಮಗನಿಗೆ ಈಗ 19. ಅವನಿಗೆ ಐದು ವರ್ಷ ಇದ್ದಾಗ ಒಬ್ಬರು ಡಬ್ಬಿಯಲ್ಲಿ ಒಂದು ಪುಡಿ ಕೊಟ್ಟು, ಮೂರು ತಿಂಗಳು ಜೇನುತುಪ್ಪದಲ್ಲಿ ನೆಕ್ಕಿಸಿ ಅಂದಿದ್ದರು. ಮೂರು ತಿಂಗಳಿಗೆ ಬಂದಿದ್ದು ಬೇಧಿ ಮಾತ್ರ.

ಅತ್ತೆಗೂ ಒಂದು ಮಾತು. ಗ್ರಹಣ, ಲಸಿಕೆ, ತಾಯಿ ಎತ್ತಿಕೊಳ್ಳದಿದ್ದದ್ದು, ಮೊಬೈಲು, ಇದ್ಯಾವುದೂ ಆಟಿಸಂ ತರುವುದಿಲ್ಲ. ನೀವು ಏನೂ ತಪ್ಪು ಮಾಡಿಲ್ಲ. ಅವರು ಗಾಣಗಾಪುರಕ್ಕೆ ಕರೆದುಕೊಂಡು ಹೋಗೋಣ ಅಂದರೆ ಹೋಗಿ ಬನ್ನಿ, ಬಂದೇನವಾಜ್ ದರ್ಗಾಕ್ಕೂ ಹೋಗಿ. ನಾನೂ ಹೋಗಿದ್ದೇನೆ, ಮನಸ್ಸಿಗೆ ತಂಪಾಗುತ್ತದೆ. ಆದರೆ ಗಾಳಿ ಬಿಡಿಸುತ್ತೇವೆ ಅಂತ ಮಗುವಿಗೆ ಹೊಗೆ ಹಾಕಲು, ಹೊಡೆಯಲು ಯಾರಾದರೂ ಬಂದರೆ ಎತ್ತಿಕೊಂಡು ಎದ್ದುಬಿಡಿ.

ಇನ್ನು ಯಾರನ್ನು ಕೇಳುವುದು. ನಿಮ್ಮ ಅಂಗನವಾಡಿಯಿಂದ ಶುರು ಮಾಡಿ. ಅಲ್ಲಿಗೆ ವರ್ಷಕ್ಕೆ ಎರಡು ಸಲ ಆರ್‌ಬಿಎಸ್‌ಕೆ ಡಾಕ್ಟರ ತಂಡ ಬಂದು ಮಕ್ಕಳನ್ನು ನೋಡಬೇಕು. ತಂಡ ಬರುವ ದಿನ ಮಗನನ್ನು ಕರೆದುಕೊಂಡು ಹೋಗಿ. ಅವರು ಚೀಟಿ ಬರೆದು ಜಿಲ್ಲಾ ಮಟ್ಟದ ಡಿಇಐಸಿಗೆ ಕಳಿಸುತ್ತಾರೆ. ಬೆಳವಣಿಗೆ ತಡವಾದ ಮಕ್ಕಳಿಗಾಗಿಯೇ ಸರ್ಕಾರ ಮಾಡಿದ ಕೇಂದ್ರ ಅದು, ದುಡ್ಡು ಕೊಡಬೇಕಿಲ್ಲ. ತಂಡ ಬರುವವರೆಗೆ ಕಾಯುವುದು ಆಗದಿದ್ದರೆ ನೇರವಾಗಿ ಜಿಲ್ಲಾ ಆಸ್ಪತ್ರೆಗೆ ಹೋಗಿ, 'ಡಿಇಐಸಿ ಎಲ್ಲಿ' ಅಂತ ಆ ಹೆಸರು ಹಿಡಿದೇ ಕೇಳಿ. ಸುಮ್ನೆ ಮಾತು ಬರ್ತಿಲ್ಲ ಅಂದರೆ ಒಂದು ಬಾಗಿಲಿಂದ ಇನ್ನೊಂದು ಬಾಗಿಲಿಗೆ ಓಡಾಡಿಸುತ್ತಾರೆ. ಕಿವಿ ಪರೀಕ್ಷೆಯನ್ನೂ ಮಾಡಿಸಿ. ಬಿಸ್ಕತ್ ಪುಡಾ ಕೇಳಿಸುತ್ತದೆ, ನಿಜ, ಆದರೂ ಮಾಡಿಸಿ.

ಸರ್ಟಿಫಿಕೇಟು ಖಂಡಿತ ಬೇಕು. 1995ರ ಅಂಗವಿಕಲರ ಕಾಯಿದೆಯಲ್ಲಿ ಆಟಿಸಂ ಅನ್ನುವ ಹೆಸರೇ ಇರಲಿಲ್ಲ. ಅದಕ್ಕೇ ನನ್ನ ಮಗನ ಮೊದಲ ಕಾಗದದಲ್ಲಿ 'ಬುದ್ಧಿಮಾಂದ್ಯ' ಅಂತ ಬರೆದರು. ಅದನ್ನು ಕೈಯಲ್ಲಿ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ಅತ್ತಿದ್ದೆ. 2016ರ ಕಾಯಿದೆ ಬಂದ ಮೇಲೆ 21 ಬಗೆಯ ಅಂಗವಿಕಲತೆಗಳ ಪಟ್ಟಿಯಲ್ಲಿ ಆಟಿಸಂ ಸೇರಿತು. ಈಗ 40 ಪ್ರಶ್ನೆಗಳ ಒಂದು ಅಳತೆ ಇದೆ, ಐಎಸ್‌ಎಎ ಅಂತ. ಮಗು ಕಣ್ಣಿಗೆ ಕಣ್ಣಿಟ್ಟು ನೋಡುತ್ತದಾ, ಒಂದೇ ಆಟ ಆಡುತ್ತದಾ, ಸಪ್ಪಳಕ್ಕೆ ಕಿವಿ ಮುಚ್ಚಿಕೊಳ್ಳುತ್ತದಾ ಅಂತೆಲ್ಲ ಕೇಳಿ ಅಂಕ ಹಾಕುತ್ತಾರೆ. 70 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಆಟಿಸಂ. ಅವತ್ತು ಮಗ ಜಾಣನಾಗಿ ಕಾಣಲಿ ಅಂತ ಬಡಿವಾರ ಮಾಡಬೇಡಿ. ಎಲ್ಲ ತಾಯಂದಿರೂ ಮಾಡುವ ತಪ್ಪು ಅದು. ಮನೆಯಲ್ಲಿ ಹೇಗಿರುತ್ತಾನೋ ಹಾಗೇ ಹೇಳಿ. ಫೋನಿನಲ್ಲಿ ಎರಡು ವಿಡಿಯೋ ತೆಗೆದುಕೊಂಡು ಹೋಗಿ.

ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರ ಗುರುತಿನ ಚೀಟಿಗೆ, ಅರ್ಜಿ ಆನ್‌ಲೈನ್‌ನಲ್ಲಿ. ನಿಮ್ಮ ಗ್ರಾಮ ಪಂಚಾಯ್ತಿಯಲ್ಲಿ ವಿಆರ್‌ಡಬ್ಲ್ಯೂ ಅಂತ ಒಬ್ಬರು ಇರುತ್ತಾರೆ, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯೂ. ಅಂಗವಿಕಲರ ಕೆಲಸಕ್ಕೇ ಇರುವವರು. ಸಾಮಾನ್ಯವಾಗಿ ಅವರೂ ಅಂಗವಿಕಲರೇ ಆಗಿರುತ್ತಾರೆ, ಓಡಾಟದ ಕಷ್ಟ ಗೊತ್ತಿರುತ್ತದೆ. ಅವರನ್ನು ಹಿಡಿಯಿರಿ. ಕಾರ್ಡು ಬಂದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಮಾಡಿಸಬಹುದು. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಥೆರಪಿ ಖರ್ಚಿಗೂ ಅದರಲ್ಲಿ ಒಂದು ಪಾಲು ಇದೆ. ಒಂದೊಂದು ಬಿಲ್ಲನ್ನೂ ಜೋಪಾನ ಮಾಡಿ.

ಮಗಳ ಮದುವೆ? ಸರ್ಟಿಫಿಕೇಟು ಫೈಲಿನಲ್ಲಿ ಇರುತ್ತದೆ, ಯಾರೂ ಬಾಗಿಲಿಗೆ ಅಂಟಿಸುವುದಿಲ್ಲ. ಹುಡುಗ ಮಾತಾಡುವುದಿಲ್ಲ ಅಂತ ಊರಿಗೆ ಹೇಗೂ ಗೊತ್ತಿದೆ, ಅಲ್ವಾ?

ದೊಡ್ಡ ಕಡೆ ಒಮ್ಮೆ ತೋರಿಸಲೇಬೇಕು ಅನ್ನಿಸಿದರೆ ಸಿಕಂದರಾಬಾದಿನ ಎನ್‌ಐಇಪಿಐಡಿ ಇದೆ, ಬುದ್ಧಿ ಬೆಳವಣಿಗೆಯ ತೊಂದರೆ ಇರುವವರಿಗಾಗಿ ಇರುವ ಸಂಸ್ಥೆ, ಕೇಂದ್ರ ಸರ್ಕಾರದ್ದು, 1984ರಿಂದ ನಡೆಯುತ್ತಿದೆ. ನಮ್ಮ ಕಡೆಯವರಿಗೆ ಬೆಂಗಳೂರಿಗಿಂತ ಅದೇ ಹತ್ತಿರ. ಯಾದಗಿರಿಯಲ್ಲಿ ರೈಲು ಹತ್ತಿ, ವಾಡಿಯಲ್ಲಿ ಬದಲಿಸಿದರಾಯಿತು. ಸ್ಟೇಷನ್ ಗದ್ದಲಕ್ಕೆ ಮಗ ಬೆದರಬಹುದು, ಕಿವಿಗೆ ಕಟ್ಟಲು ಒಂದು ಮೆತ್ತನೆ ವಸ್ತ್ರ ಇಟ್ಟುಕೊಳ್ಳಿ.

ಆದರೆ ನಿಜ ಹೇಳಲಾ ತಂಗಿ? ನನಗೆ ಹೆಚ್ಚು ಕಲಿಸಿದ್ದು ಥೆರಪಿ ಖೋಲಿಯ ಹೊರಗಿನ ಬೆಂಚು. ನಿರಾಮಯದ ಹೆಸರು ಹೇಳಿದ್ದು ಆಳಂದ ಕಡೆಯ ಒಬ್ಬ ಬೀಬಿ. ಅಂಗಿಯ ಕಾಲರಿನ ಲೇಬಲ್ ಕತ್ತರಿಸಿ ಹಾಕು, ಅದು ಚುಚ್ಚುತ್ತದೆ ಅಂತಲೇ ಹುಡುಗ ಅಂಗಿ ಹರಿಯುತ್ತಾನೆ ಅಂದವಳು ಸೇಡಂನ ಟೀಚರು. ಆ ಒಂದು ಮಾತಿಗೆ ನಮ್ಮ ಮನೆಯ ಬೆಳಗಿನ ರಾದ್ಧಾಂತವೇ ನಿಂತಿತು. ಬೆಂಚಿನ ಮೇಲೆ ಫೋನ್ ನೋಡುತ್ತಾ ಕೂರಬೇಡಿ. ಪಕ್ಕದವರನ್ನು ಕೇಳಿ, ನಂಬರ್ ತಗೊಳ್ಳಿ. ಔಷಧಿ ಮಾತ್ರ ಅವರ ಚೀಟಿ ನೋಡಿ ಕೊಡಬೇಡಿ.

ಮನೆಯಲ್ಲಿ ಏನು ಮಾಡುವುದು ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ನನ್ನ ಮಗನನ್ನು ನಾವು ಕರೆಯುವುದು ಮುತ್ಯಾ, ಅಂದರೆ ಅಜ್ಜ ಅಂತ, ಅವರ ಅಜ್ಜನ ಹೆಸರು ಇಟ್ಟಿದ್ದೇವಲ್ಲ. ಮುತ್ಯಾನಿಗೆ ರೊಟ್ಟಿ ಬಡಿಯುವ ಸಪ್ಪಳ ಅಂದರೆ ಪ್ರಾಣ. ಒಲೆಯ ಹತ್ತಿರ ಕೂತು ನನ್ನ ಕೈಯನ್ನೇ ನೋಡುವನು. ಥೆರಪಿಯವರು ಹೇಳಿಕೊಟ್ಟಂತೆ ಅರ್ಧ ರೊಟ್ಟಿ ಬಡಿದು ಕೈ ನಿಲ್ಲಿಸುತ್ತಿದ್ದೆ. ಮನಸ್ಸಿನಲ್ಲೇ ಹತ್ತು ಎಣಿಸುತ್ತಿದ್ದೆ. ಮೊದಮೊದಲು ಅವನು ನನ್ನ ಮಣಿಕಟ್ಟು ಹಿಡಿದು ಹಿಟ್ಟಿನ ಮೇಲೆ ಇಡುತ್ತಿದ್ದ. ಮುಂದೆ ನನ್ನ ಮುಖ ನೋಡತೊಡಗಿದ. ಎಂಟು ತಿಂಗಳಾದ ಮೇಲೆ ಒಂದು ದಿನ 'ಬಡಿ' ಅಂದ. ಏಳನೇ ವರ್ಷಕ್ಕೆ ಬಂದ ಮೊದಲ ಮಾತು ಅದು. ಬೀಗರು ಬಂದಾಗ 'ಬಡಿ, ಬಡಿ' ಅಂದರೆ ಅವರು ಗಾಬರಿಯಾಗುತ್ತಿದ್ದರು, ಅದು ಬೇರೆ ಕಥೆ!

ನಿಮ್ಮ ಮಗನಿಗೆ ಗಾಲಿ ಇಷ್ಟ, ಅಲ್ವಾ? ಪಕ್ಕದಲ್ಲಿ ಕೂತು ಗಾಲಿ ತಿರುಗಿಸಿ, ಕೈಯಿಂದ ಹಿಡಿದು ನಿಲ್ಲಿಸಿ, ಕಾಯಿರಿ. ತಂಬಿಗೆ, ರೊಟ್ಟಿ, ಬಾಗಿಲು, ಸೈಕಲ್, ಇವುಗಳ ಫೋಟೋ ತೆಗೆಸಿ ಅವನ ಎತ್ತರಕ್ಕೆ ಗೋಡೆಗೆ ಅಂಟಿಸಿ. ಬೇಕಾದ್ದನ್ನು ಮುಟ್ಟಿ ತೋರಿಸಲಿ. ಚಿತ್ರ ತೋರಿಸಿದರೆ ಮಾತು ಬರುವುದಿಲ್ಲ ಅನ್ನುವುದು ಸುಳ್ಳು. ಮನೆಯಲ್ಲಿ ಇಂಗ್ಲಿಷೇ ಮಾತಾಡಿ ಅಂತ ಯಾರಾದರೂ ಅಂದರೂ ಕೇಳಬೇಡಿ. ನಮ್ಮ ಅವ್ವ ಹದಿನೈದು ದಿನ 'ಕಮ್, ಈಟ್' ಅಂತ ಒದ್ದಾಡಿದಳು ಪಾಪ.

ರಾತ್ರಿ ನಿದ್ದೆ ಬರದೆ ತಲೆ ಕೆಟ್ಟಂತಾದರೆ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರ್ಕಾರದ್ದು, ಕನ್ನಡದಲ್ಲೇ ಮಾತಾಡುತ್ತಾರೆ.

ಪ್ರಶ್ನೆ: ನನ್ನ ಮೊಮ್ಮಗನಿಗೆ ಏಳು ವರ್ಷ, ಆಟಿಸಂ ಇದೆ, ಕಾರ್ಡೂ ಆಗಿದೆ. ಊರ ಶಾಲೆಯಲ್ಲಿ 'ಬೇರೆ ಮಕ್ಕಳಿಗೆ ತೊಂದರೆ, ಸ್ಪೆಷಲ್ ಶಾಲೆಗೆ ಹಾಕಿ' ಅನ್ನುತ್ತಾರೆ. ಹತ್ತಿರ ಅಂಥ ಶಾಲೆ ಇಲ್ಲ.
— ಒಬ್ಬ ಅಜ್ಜ, ಭಾಲ್ಕಿ ತಾಲ್ಲೂಕು

ಉತ್ತರ: ಅಜ್ಜಾರೇ, ಕಾರ್ಡಿನಲ್ಲಿ ಅಂಗವಿಕಲತೆ 40 ಪರ್ಸೆಂಟ್ ಅಥವಾ ಜಾಸ್ತಿ ಇದೆಯಾ ನೋಡಿ. ಇದ್ದರೆ 6ರಿಂದ 18 ವರ್ಷದವರೆಗೆ ಊರ ಶಾಲೆಯಲ್ಲೇ ಬಿಟ್ಟಿ ಕಲಿಯುವ ಹಕ್ಕು 2016ರ ಕಾಯಿದೆಯಲ್ಲಿದೆ. ಸ್ಪೆಷಲ್ ಶಾಲೆ ಬೇಕಾ ಬೇಡವಾ ಅನ್ನುವುದು ನಿಮ್ಮ ಮನೆಯವರ ಆಯ್ಕೆ, ಹೆಡ್‌ಮಾಸ್ತರರದ್ದಲ್ಲ. ಜಗಳ ಬೇಡ. ಸೇರಿಸಿಕೊಳ್ಳುವುದಿಲ್ಲ ಅಂದರೆ ಅದನ್ನೇ ಬರೆದು ಕೊಡಿ ಅಂತ ಕೇಳಿ. ಹೆಚ್ಚಿನವರು ಅಲ್ಲಿಗೇ ಮೆತ್ತಗಾಗುತ್ತಾರೆ. ಆಗಲಿಲ್ಲವೋ, ಬಿಇಒ ಆಫೀಸಿಗೆ ಅರ್ಜಿ ಕೊಡಿ. ಇಂಥ ಮಕ್ಕಳಿಗೆ ಕಲಿಸುವ ಬಿಐಇಆರ್‌ಟಿ ಟೀಚರು ನಮ್ಮ ಶಾಲೆಗೆ ಯಾವಾಗ ಬರುತ್ತಾರೆ ಅಂತಲೂ ಅದರಲ್ಲೇ ಕೇಳಿ. ಅರ್ಜಿಯ ಝೆರಾಕ್ಸ್ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳದೆ ಅಲ್ಲಿಂದ ಎದ್ದು ಬರಬೇಡಿ.