ಫ್ಯಾನ್ ಕೋಣೆಯೇ ಸಾಕು, ಆದರೆ ಕಿಟಕಿ ನೋಡಿ
ಕಡಲೂರಿನ ಅಗ್ಗದ ಅತಿಥಿಗೃಹದಲ್ಲಿ ಮಗುವಿನೊಂದಿಗೆ ಉಳಿಯಲು ಫ್ಯಾನ್ ಕೋಣೆ ಸಾಕೇ ಎಂದು ಕೇಳಿದ್ದೀರಿ. ಎದುರುಬದುರು ಕಿಟಕಿಗಳಿದ್ದರೆ ಖಂಡಿತ ಸಾಕು. ಹಗಲಿನಲ್ಲಿ ಗಾಳಿ ಕಡಲಿನಿಂದ ದಡಕ್ಕೆ ಬೀಸುತ್ತದೆ. ರಾತ್ರಿ ನೆಲ ಬೇಗ ತಣಿಯುವುದರಿಂದ ಸಾಮಾನ್ಯವಾಗಿ ದಿಕ್ಕು ತಿರುಗುತ್ತದೆ. ಹಾಗಾಗಿ ಮಲಗುವ ಹೊತ್ತಿಗೆ ಸಮುದ್ರದ ಕಡೆಯ ಒಂದೇ ಕಿಟಕಿಯಿಂದ ಹೆಚ್ಚು ಪ್ರಯೋಜನವಿಲ್ಲ. ಆ ನೋಟಕ್ಕೆಂದು ಕೇಳುವ ಹೆಚ್ಚುವರಿ ಬಾಡಿಗೆ ಉಳಿಸಿ, ಒಂದೆರಡು ಬೀದಿ ಹಿಂದೆ ಹುಡುಕಿ. ತಾರಸಿಯ ನೇರ ಕೆಳಗಿನ ಕೋಣೆ ಮಾತ್ರ ಬೇಡವೇ ಬೇಡ: ಹಗಲಿಡೀ ಹೀರಿದ ಬಿಸಿಯನ್ನು ಕಾಂಕ್ರೀಟು ರಾತ್ರಿ ಬಿಡುತ್ತದೆ.

ಕಿಟಕಿಗೆ ಜಾಲರಿ ಇದೆಯೇ ಎಂದು ಮುಂಗಡ ಕೊಡುವ ಮೊದಲೇ ಫೋಟೊ ತರಿಸಿಕೊಂಡು ನೋಡಿ. ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹಗಲಿನಲ್ಲೇ ಹೆಚ್ಚು. ಮಗು ಮಧ್ಯಾಹ್ನ ಮಲಗುವಾಗಲೂ ದಯವಿಟ್ಟು ಸೊಳ್ಳೆಪರದೆ ಕಟ್ಟಿ. ಮಳೆಗೆ ಮುಂಚಿನ ಸೆಕೆಯ ವಾರಗಳಲ್ಲಿ ಹೋಗುವುದಾದರೆ ಎ.ಸಿ. ಕೋಣೆಯನ್ನೇ ಹಿಡಿಯಿರಿ.