ದನಿ ಲೈವ್, ವಾದ್ಯ ಅಲ್ಲ

ಅಮೆರಿಕದ ರಾಕ್ ತಂಡ ನಿರ್ವಾಣದ 1991ರ 'ಟಾಪ್ ಆಫ್ ದ ಪಾಪ್ಸ್' ವಿಡಿಯೊದಲ್ಲಿ ಗಿಟಾರ್ ಸರಿಯಾಗಿ ಮುಟ್ಟದಿದ್ದರೂ ಸದ್ದು ಬರುತ್ತದೆ, ಹಾಡುವ ದನಿ ಮಾತ್ರ ಮೂಲ ಧ್ವನಿಮುದ್ರಣಕ್ಕಿಂತ ಬೇರೆ, ಹೇಗೆ ಎಂದು ಕೇಳಿದ್ದೀರಿ. ಆ ವರ್ಷ ಬಿಬಿಸಿಯ ಈ ಕಾರ್ಯಕ್ರಮ ನಿಯಮ ಬದಲಿಸಿತ್ತು: ಗಾಯಕರು ನೇರವಾಗಿ ಹಾಡಬೇಕು, ವಾದ್ಯಗಳಿಗೆ ಟ್ರ್ಯಾಕ್ (ಮೊದಲೇ ಮುದ್ರಿಸಿದ ಸಂಗೀತ) ಸಾಕು. ತಂಡದ ಗಾಯಕ ಕರ್ಟ್ ಕೋಬೇನ್ ಒಂದು ಸ್ಥಾಯಿ ಕೆಳಗೆ ಹಾಡಿದರು, ಉಳಿದವರು ಬೇಕಾಬಿಟ್ಟಿ ಕೈಯಾಡಿಸಿದರು. ಅಣಕವೇ ಅದು, ಎಡವಟ್ಟಲ್ಲ.

ಬೇರೆ ವಿಡಿಯೊಗಳಲ್ಲಿ ನುಡಿಸುವ ನಟನೆಯನ್ನು ಪತ್ತೆಹಚ್ಚಲು ಮೊದಲು ಡ್ರಮ್ಸ್ ನೋಡಿ: ಸಿಂಬಲ್ (ಲೋಹದ ತಟ್ಟೆ) ಮೇಲೆ ಕೋಲು ಬೀಳುವುದಕ್ಕೂ ಸದ್ದಿಗೂ ತಾಳೆಯಿದೆಯೇ? ಒಂದೆರಡು ಫ್ರೇಮ್ (ಸೆಕೆಂಡಿಗೆ 25 ಫ್ರೇಮಿನ ವಿಡಿಯೊದಲ್ಲಿ ತಲಾ 40 ಮಿಲಿಸೆಕೆಂಡ್) ವ್ಯತ್ಯಾಸ ಅಪ್‌ಲೋಡ್ ದೋಷವೂ ಆಗಿರಬಹುದು, ಆದರೆ ಅದು ಸಾಮಾನ್ಯವಾಗಿ ಹಾಡಿನುದ್ದಕ್ಕೂ ಒಂದೇ ಸಮ ಇರುತ್ತದೆ. ನಟನೆಯಾದರೆ ಒಮ್ಮೆ ಮುಂದೆ, ಒಮ್ಮೆ ಹಿಂದೆ. ಕೈಮೈಕಿನಿಂದ ಮುಖ ತಿರುಗಿಸಿದಾಗಲೂ ದನಿ ತಗ್ಗದಿದ್ದರೆ ಹಾಡೂ ಟ್ರ್ಯಾಕೇ.