ರೋಮ್‌ನಿಂದ ಒಂದೇ ದಿನ, ಜೊತೆಗೆ ಮಂಡಿನೋವಿನ ಅಮ್ಮ: ಚಿವಿತಾನಾ, ಓರ್ವಿಯೆತೊನಾ?

ಎರಡೂ ಇಟಲಿಯ ಗುಡ್ಡದ ಮೇಲಿನ ಹಳೇ ಊರುಗಳು; ನಾನು ಕಣ್ಣು ಮುಚ್ಚಿಕೊಂಡು ಓರ್ವಿಯೆತೊ ಅಂತೀನಿ. ಚಿವಿತಾ ದಿ ಬಾನ್ಯೊರೆಜೊ ಫೋಟೋದಲ್ಲಿ ಚೆಂದ, ಒಪ್ಪಿದೆ. ಆದರೆ ಊರೊಳಗೆ ಹೋಗೋಕೆ ಇರೋದು ಸುಮಾರು 300 ಮೀಟರ್ ಉದ್ದದ ಕಾಲ್ಸೇತುವೆ, ಕೊನೆಗೆ ಒಳ್ಳೇ ಏರು. ಅಮ್ಮನಿಗೆ ಬೇಡ.

ಓರ್ವಿಯೆತೊದಲ್ಲಿ ರೈಲಿಳಿದರೆ ಎದುರಿಗೇ ಫ್ಯುನಿಕ್ಯುಲರ್ (ಹಗ್ಗ ಎಳೆಯೋ ಪುಟ್ಟ ರೈಲು), ಗುಡ್ಡದ ಮೇಲೆ ಬಿಡುತ್ತೆ. 1290ರಲ್ಲಿ ಶುರುವಾದ ದೊಡ್ಡ ಚರ್ಚಿನ ಪಕ್ಕದ ಗೋಡೆ ನೋಡಿ: ಕಪ್ಪು ಬಸಾಲ್ಟ್ ಕಲ್ಲು, ಬಿಳಿ ಟ್ರಾವರ್ಟೀನ್ ಕಲ್ಲು ಸಾಲುಸಾಲಾಗಿ, ಥೇಟ್ ಪಟ್ಟೆ ಜಮಖಾನ. ಒಳಗೆ ಬಲಗಡೆ ಸಾನ್ ಬ್ರಿತ್ಸಿಯೊ ಚಾಪೆಲ್‌ನಲ್ಲಿ ಲೂಕಾ ಸಿನ್ಯೊರೆಲ್ಲಿಯ ಭಿತ್ತಿಚಿತ್ರ. ಸತ್ತವರು ನೆಲದಿಂದ ಮೇಲೇಳ್ತಿದ್ದಾರೆ, ಕೆಲವರಿನ್ನೂ ಬರೀ ಅಸ್ಥಿಪಂಜರ! ಅಲ್ಲೇ ಅರ್ಧ ಗಂಟೆ ಹೋಗುತ್ತೆ.

ಸಾನ್ ಪಾತ್ರಿತ್ಸಿಯೊ ಬಾವಿಗೆ ಮಾತ್ರ ನೀವೊಬ್ಬರೇ ಇಳಿಯಿರಿ, 248 ಮೆಟ್ಟಿಲು. ಅಮ್ಮ ಮೇಲೆ ಕಾಫಿ ಕುಡೀತಿರಲಿ.